ಎಚ್-ಇಂಡೆಕ್ಸ್ ಪುರಾಣ

ಅಧ್ಯಕ್ಷರು: ಎಚ್-ಇಂಡೆಕ್ಸ್ ಎಷ್ಟು?

ಅಭ್ಯರ್ಥಿ: ನಾಲ್ಕು ಸಾರ್. ನಾಲ್ಕೇ ಲೇಖನ, ಒಂದಕ್ಕಂತೂ ಒಂಬೈನೂರು ಉಲ್ಲೇಖ!

ಅಧ್ಯಕ್ಷರು: ಇದ್ದರೇನು? 2005ರಲ್ಲಿ ಹಿರ್ಶ್ ಎಂಬವರು ಕೊಟ್ಟ ಲೆಕ್ಕದಲ್ಲಿ, ಎಷ್ಟು ಲೇಖನಗಳಿಗೆ ತಲಾ ಅಷ್ಟಾದರೂ ಉಲ್ಲೇಖವಿದೆಯೋ ಅದೇ ಇಂಡೆಕ್ಸ್. ಒಂಬೈನೂರಿದ್ದರೂ ಅದು ಒಂದೇ ಲೇಖನ.

ಸದಸ್ಯರು: ನಿಮ್ಮ ಪಕ್ಕದ ವಿಭಾಗದವರನ್ನು ನೋಡ್ರೀ. ಒಂದೇ ಪ್ರಯೋಗ, ಆರು ಹೋಳು, ಆರು ಲೇಖನ. ಪ್ರತಿಯೊಂದರಲ್ಲೂ ಉಳಿದ ಐದರ ಉಲ್ಲೇಖ. ಇಂಡೆಕ್ಸ್ ಐದು!

ಅಭ್ಯರ್ಥಿ: ಓದಿದವರು ಯಾರು ಸಾರ್?

ಸದಸ್ಯರು: ಅರ್ಜಿಯಲ್ಲಿ ಆ ಕಾಲಂ ಇಲ್ಲ.

(ಗುಮಾಸ್ತರು ಕೆಮ್ಮಿದರು. ಕಚೇರಿಯಲ್ಲಿ ಓದುವ ಅಭ್ಯಾಸ ಇದ್ದದ್ದು ಅವರೊಬ್ಬರಿಗೇ.)

ಅಭ್ಯರ್ಥಿ: ಹಾಗಾದರೆ ಓದಲು ಬಾರದವರೂ ಲೇಖಕರಾಗಬಹುದು ಸಾರ್. 1975ರಲ್ಲಿ ಅಮೆರಿಕದ ಹೆದರಿಂಗ್ಟನ್ ಎಂಬ ಭೌತವಿಜ್ಞಾನಿ ತಮ್ಮ ಸಯಾಮಿ ಬೆಕ್ಕನ್ನೇ ಸಹಲೇಖಕನನ್ನಾಗಿಸಿ, 'ಫಿಸಿಕಲ್ ರಿವ್ಯೂ ಲೆಟರ್ಸ್'ನಲ್ಲಿ ಲೇಖನ ಪ್ರಕಟಿಸಿದ್ದರು. ಲೇಖನದಲ್ಲಿ ಬೆಕ್ಕಿನ ಹೆಸರು ವಿಲ್ಲರ್ಡ್.

ಅಧ್ಯಕ್ಷರು (ಪೆನ್ನು ತೆಗೆದು): ಆ ವಿಲ್ಲರ್ಡ್ ಅವರ ಇಂಡೆಕ್ಸ್ ಎಷ್ಟಂತೆ?