ಒಂಬತ್ತಕ್ಕೇ ನಿಂತ ಮಗ್ಗಿ

ಡಿಸೆಂಬರ್ ತಿಂಗಳಲ್ಲಿ ಹಾಲೆಂಡಿಗೆ ಹೋಗಬೇಡಿ ಅಂತ ನಮಗೆ ಯಾರೂ ಹೇಳಿರಲಿಲ್ಲ. ಮಗನ ಮನೆ ಆಮ್‌ಸ್ಟರ್‌ಡ್ಯಾಮಿಗೆ ಅಂಟಿಕೊಂಡಿರುವ ಆಮ್‌ಸ್ಟೆಲ್‌ವೀನ್‌ನಲ್ಲಿ. ಅಲ್ಲಿ ಸೂರ್ಯ ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ ಡ್ಯೂಟಿಗೆ ಬಂದು ಸಂಜೆ ನಾಲ್ಕೂವರೆಗೆಲ್ಲ ಹೊರಟುಬಿಡುತ್ತಾನೆ. ಖಜಾನೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಕಳೆದ ನಾನೇ ಅಷ್ಟು ಧೈರ್ಯ ಮಾಡಿರಲಿಲ್ಲ. ನಮ್ಮ ಸಾಗರದ ಮಳೆ ಮೇಲಿನಿಂದ ಬೀಳುತ್ತದೆ. ಇಲ್ಲಿಯದು ಪಕ್ಕದಿಂದ ಬರುತ್ತದೆ. ಎರಡು ಕೊಡೆ ಮುರಿದ ಮೇಲೆ ವಾಕಿಂಗ್ ನಿಂತಿತು.

ಹನ್ನೊಂದು ವರ್ಷದ ಮೊಮ್ಮಗಳಿಗೆ ಬುಧವಾರ ಮಧ್ಯಾಹ್ನ ಶಾಲೆ ಇಲ್ಲ. ಅಜ್ಜ ಹೊತ್ತು ಹೋಗದೆ ಗಂಟೆಗೊಮ್ಮೆ ಫ್ರಿಜ್ ತೆಗೆದು, ನೋಡಿ, ಮುಚ್ಚುವುದು ಅವಳ ಕಣ್ಣಿಗೆ ಬಿತ್ತು. "ಅಜ್ಜಾ, ನಿಂಗೆ ಪೈಥಾನ್ ಕಲಿಸ್ತೀನಿ ಬಾ" ಅಂದಳು.

ಅಡುಗೆಮನೆಯಿಂದ ನನ್ನವಳು ಸೌಟು ಹಿಡಿದೇ ಬಂದಳು. "ಹೆಬ್ಬಾವಾ? ಯಾರ ಮನೇಲೇ?"

ಹೆಬ್ಬಾವಲ್ಲ, ಕಂಪ್ಯೂಟರಿನ ಭಾಷೆ. ಹೆಸರು ಕೂಡ ಹಾವಿನದಲ್ಲ, ಬಿಬಿಸಿಯಲ್ಲಿ ಬರುತ್ತಿದ್ದ 'ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್' ಎಂಬ ನಗೆ ಕಾರ್ಯಕ್ರಮದ್ದು ಅಂತ ಮಗ ವಿವರಿಸಿದ. ಭಾಷೆ ಹುಟ್ಟಿದ್ದೂ ಆಮ್‌ಸ್ಟರ್‌ಡ್ಯಾಮಿನಲ್ಲೇ. ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನದ ರಾಷ್ಟ್ರೀಯ ಸಂಸ್ಥೆಯಲ್ಲಿದ್ದ ಗೀಡೋ ವಾನ್ ರಾಸಮ್, 1989ರ ಕ್ರಿಸ್‌ಮಸ್ ರಜೆಯಲ್ಲಿ ಕಚೇರಿ ಮುಚ್ಚಿತ್ತೆಂದು ಹೊತ್ತು ಕಳೆಯಲು ಶುರು ಮಾಡಿದ ಕೆಲಸವಂತೆ. ಆತನಿಗೂ ಡಿಸೆಂಬರ್, ಆತನಿಗೂ ಈ ಮಳೆ. ಆತನ ಮನೆಯ ಫ್ರಿಜ್ಜಿನಲ್ಲೂ ನೋಡುವಂಥದ್ದೇನೂ ಇದ್ದಿರಲಿಕ್ಕಿಲ್ಲ. ಅದೇ ಡಿಸೆಂಬರಿನಲ್ಲಿ ನಾನು ಬಿಲ್ಲುಗಳಿಗೆ ಟ್ಯಾಗು ಪೋಣಿಸುತ್ತಿದ್ದೆ. 1991ರ ಫೆಬ್ರವರಿಯಲ್ಲಿ ಆತನ ಭಾಷೆ ಲೋಕಕ್ಕೆ ಹೋಯಿತು. ನನ್ನ ಬಿಲ್ಲುಗಳು ಆಕ್ಷೇಪಣೆಯೊಂದಿಗೆ ವಾಪಸು ಬಂದವು.

ಮೊದಲ ಪಾಠಕ್ಕೇ ನಾನು ಎಡವಿದೆ. ಪೈಥಾನಿನಲ್ಲಿ ಒಂದು ಸಾಲಿಗೆ ಸೇರಿದ ಕೆಲಸಗಳನ್ನು ಅದರ ಕೆಳಗೆ ಸ್ವಲ್ಪ ಒಳಗೆ ತಳ್ಳಿ ಬರೆಯಬೇಕು. ವಾಡಿಕೆ ನಾಲ್ಕು ಸ್ಪೇಸು. ನಾನು ಟೈಪ್‌ರೈಟಿಂಗ್ ಸೀನಿಯರ್ ಪಾಸಾದವನು. ಪ್ಯಾರಾ ಅಂದರೆ ಐದು ಸ್ಪೇಸು ಅಂತ ನಮ್ಮ ಮೇಷ್ಟ್ರು ಬೆರಳಿಗೇ ಕಲಿಸಿದ್ದರು. ಒಂದು ಸಾಲಿಗೆ ಐದು, ಮುಂದಿನದಕ್ಕೆ ನಾಲ್ಕು ಬಿತ್ತು. ಪರದೆ ಕೆಂಪಾಯಿತು.

"ಒಂದು ಸ್ಪೇಸಿಗೆ ಇಷ್ಟು ಸಿಟ್ಟಾ? ನಾನೇನು ಹೇಳ್ತಿದೀನಿ ಅಂತ ಅದಕ್ಕೆ ಗೊತ್ತಾಗಲ್ವಾ?"

"ಗೊತ್ತಾಗಲ್ಲ ಅಜ್ಜಾ. ನೀನು ಹೇಳಿದ್ದಷ್ಟೇ ಗೊತ್ತಾಗತ್ತೆ."

ಹೆಂಡತಿ ಸೋಫಾದ ತುದಿಯಲ್ಲಿ ಅವರೆಕಾಳು ಬಿಡಿಸುವವಳಂತೆ ಕೂತು, ಕಾಳಿಲ್ಲದ್ದರಿಂದ ಬರೀ ಕೇಳಿಸಿಕೊಳ್ಳುತ್ತಿದ್ದಳು. "ಅದರಲ್ಲೇನಿದೆ? ಅತ್ತೆಯ ಕೆಳಗೆ ಸೊಸೆಯರು, ಸೊಸೆಯರ ಕೆಳಗೆ ಅವರವರ ಮಕ್ಕಳು. ಯಾರು ಯಾರ ಮಾತಿಗೆ ಸೇರಿದವರು ಅನ್ನೋದು ಕೂತ ಜಾಗದಲ್ಲೇ ತಿಳೀಬೇಕು" ಅಂದಳು. ಮೊಮ್ಮಗಳು ಕುರ್ಚಿ ಅಜ್ಜಿಯ ಕಡೆಗೆ ತಿರುಗಿಸಿದಳು. ಅಲ್ಲಿಗೆ ನಾನು ಹಿಂದಿನ ಬೆಂಚಿನವನಾದೆ.

ಎರಡನೇ ಪಾಠ ವೇರಿಯಬಲ್. ಅದು ಹೆಸರು ಬರೆದ ಚೀಟಿ. ಇವತ್ತು ಸಂಖ್ಯೆಗೆ ಅಂಟಿಸಬಹುದು, ನಾಳೆ ಅಕ್ಷರಗಳಿಗೆ. ಪೈಥಾನ್ ಚಕಾರ ಎತ್ತುವುದಿಲ್ಲ. ನಾನು ಹೀಗೂ ಉಂಟೇ ಎಂದು ಕನ್ನಡಕ ಒರೆಸುವಷ್ಟರಲ್ಲಿ ಹೆಂಡತಿ ಎದ್ದು ಅಡುಗೆಮನೆಯಿಂದ ಮೂರು ಡಬ್ಬಿ ತಂದಿಟ್ಟಳು. ಸ್ಟ್ರೋಪ್‌ವಾಫೆಲ್ ಬಿಸ್ಕತ್ತಿನ ಡಬ್ಬಿಯಲ್ಲಿ ಸಾಸಿವೆ, ಹಾರ್ಲಿಕ್ಸ್ ಬಾಟಲಿಯಲ್ಲಿ ಮೆಂತ್ಯ, 'ಕಾಫಿ' ಎಂದು ಬರೆದದ್ದರಲ್ಲಿ ಚಟ್ನಿಪುಡಿ. "ಹೋದ ತಿಂಗಳು ಇದರಲ್ಲಿ ಹುರಿಗಡಲೆ ಇತ್ತು" ಅಂದಳು. ಸಮ ಚಿಹ್ನೆ ಒಂದಿದ್ದರೆ 'ಇಡು' ಎಂಬ ಅಪ್ಪಣೆ, ಎರಡಿದ್ದರೆ 'ಸಮವೇ?' ಎಂಬ ಪ್ರಶ್ನೆ ಅನ್ನುವುದೂ ಅವಳಿಗೆ ಒಂದೇ ಏಟಿಗೆ ಹತ್ತಿತು. ನಾನು ಕೇಳಬೇಕಾದಲ್ಲೆಲ್ಲ ಅಪ್ಪಣೆ ಮಾಡುತ್ತಿದ್ದೆ. "ಹಳೇ ಚಾಳಿ" ಎಂದು ಅವಳು ಮೊಮ್ಮಗಳಿಗೆ ಕಾರಣ ತಿಳಿಸಿದಳು.

ನಾನು ಬರೆದ ಮೊದಲ ಸ್ವಂತ ಪ್ರೋಗ್ರಾಂ ವಯಸ್ಸು ಕೇಳಿ, ಬರುವ ವರ್ಷ ಎಷ್ಟಾಗುತ್ತದೆಂದು ಹೇಳುವುದು. 68 ಅಂತ ಕೊಟ್ಟು ಒಂದು ಕೂಡಿಸಿದೆ. ಮತ್ತೆ ಕೆಂಪು. ಕೀಬೋರ್ಡಿನಿಂದ ಬಂದದ್ದು 68 ಅಲ್ಲವಂತೆ, ಆರು ಮತ್ತು ಎಂಟು ಎಂಬ ಎರಡು ಅಕ್ಷರವಂತೆ. ಸಂಖ್ಯೆ ಬೇಕಿದ್ದರೆ 'ಇದು ಸಂಖ್ಯೆ' ಎಂದು ನಾವೇ ಹೇಳಬೇಕು. ಹೇಳದೆ, 68ಕ್ಕೆ ಇನ್ನೊಂದು 68 ಕೂಡಿಸಿದರೆ 6868 ಎನ್ನುತ್ತದೆ. "ಅಷ್ಟು ವರ್ಷ ನನ್ನ ಕೈಲಾಗಲ್ಲಪ್ಪ" ಎಂದು ಅಡುಗೆಮನೆಯಿಂದ ದನಿ ಬಂತು.

ನನಗೆ ನಿಜವಾಗಿ ಸಿಟ್ಟು ಬಂದದ್ದು ಮಗ್ಗಿಯ ದಿನ. ಎರಡರ ಮಗ್ಗಿ ಬರೆಸೋಣವೆಂದು ರೇಂಜ್ ಒಂದು, ಹತ್ತು ಎಂದು ಕೊಟ್ಟೆ. ಎರಡೊಂದ್ಲ ಎರಡರಿಂದ ಚೆನ್ನಾಗಿ ಹೊರಟು, ಎರಡೊಂಬತ್ಲ ಹದಿನೆಂಟಕ್ಕೆ ನಿಂತುಬಿಟ್ಟಿತು. ಎರಡ್ಹತ್ಲ ಇಪ್ಪತ್ತು ಎಲ್ಲಿ? ನಮ್ಮ ಶಾಲೆಯಲ್ಲಿ ಒಂಬತ್ತಕ್ಕೆ ನಿಲ್ಲಿಸಿದವನು ಬೆಂಚಿನ ಮೇಲೂ ನಿಲ್ಲುತ್ತಿದ್ದ.

"ಹತ್ತರ ತನಕ ಹೋಗತ್ತೆ ಅಜ್ಜಾ, ಹತ್ತನ್ನ ಮುಟ್ಟಲ್ಲ. ಕೊನೇದು ಬೇಕಿದ್ರೆ ಹನ್ನೊಂದು ಅಂತ ಕೊಡ್ಬೇಕು."

"ಹೊಸ್ತಿಲ ತನಕ ಬಂದು ಕಾಫಿ ಕುಡಿಯದೆ ಹೋಗುವ ನೆಂಟರ ಜಾತಿ" ಎಂದಳು ಹೆಂಡತಿ.

ಕನ್ನಡಕ್ಕೆ ಇಲ್ಲಿ ಮರ್ಯಾದೆ ಇಲ್ಲವೆಂದಲ್ಲ. 2008ರಲ್ಲಿ ಪೈಥಾನ್ 3 ಬಂದಾಗಿನಿಂದ ವೇರಿಯಬಲ್ಲಿಗೆ 'ಬೆಲ್ಲ' ಎಂದು ಕನ್ನಡದಲ್ಲೇ ಹೆಸರಿಡಬಹುದು. ಉದ್ಧರಣ ಚಿಹ್ನೆಯೊಳಗೆ '೧೨' ಎಂದು ಬರೆದು ಸಂಖ್ಯೆ ಮಾಡು ಎಂದರೆ ತುಟಿ ಬಿಚ್ಚದೆ ಹನ್ನೆರಡು ಮಾಡುತ್ತದೆ. ಆದರೆ 'ಕನ್ನಡ' ಎಂಬುದಕ್ಕೆ ಎಷ್ಟು ಅಕ್ಷರ ಎಂದು ಕೇಳಿದೆ. ಐದು ಅಂದಿತು. ಮೂರಲ್ಲವೇ? ಮೊಮ್ಮಗಳು ಪೆನ್ಸಿಲ್ ತೆಗೆದು ಒಡೆದು ತೋರಿಸಿದಳು: ಕ, ನ, ಒತ್ತಿಗೆ ಗಂಟು ಹಾಕುವ ಹಲಂತ, ಮತ್ತೊಂದು ನ, ಡ. ನಾವು ಒತ್ತಕ್ಷರವನ್ನು ಒಂದೇ ಉಸಿರಿಗೆ ನುಂಗುತ್ತೇವೆ. ಅದು ಸಿಪ್ಪೆ ಸುಲಿದು ಎಣಿಸುತ್ತದೆ. ಕನ್ನಡ ಬರೆಯಲು ಬರುವುದಿಲ್ಲವೆಂದು ನಾವು ಕೊರಗುತ್ತಿದ್ದ ಹುಡುಗಿಗೆ ಅವತ್ತು ನಕಾರದ ಒತ್ತು ಬಂತು.

ಈಗ ನನ್ನ ಮಗ್ಗಿ ಇಪ್ಪತ್ತಕ್ಕೆ ಮುಟ್ಟುತ್ತದೆ. ಹೆಂಡತಿ ಮಾತ್ರ ಬಿಸಿಬೇಳೆಬಾತಿನ ಪ್ರೋಗ್ರಾಂ ಬರೆಯಲು ಕೂತು ಎದ್ದುಬಿಟ್ಟಳು. 'ಉಪ್ಪು ರುಚಿಗೆ ತಕ್ಕಷ್ಟು' ಎಂಬ ಸಾಲನ್ನು ಅದು ಏನು ಮಾಡಿದರೂ ಒಪ್ಪಲಿಲ್ಲ. "ನಲವತ್ತು ವರ್ಷದಲ್ಲಿ ಇವರು ಒಂದು ಸಲವೂ ಎಷ್ಟು ಅಂತ ಕೇಳಿಲ್ಲ, ಇದಕ್ಕೇನು ದೊಡ್ಡಸ್ತಿಕೆ" ಎಂದು ಬಾತು ಮಾಡಲು ಒಳಗೆ ಹೋದಳು.

ನಮ್ಮ ವೀಸಾ ತೊಂಬತ್ತು ದಿನದ್ದು. ಷೆಂಗೆನ್ ಲೆಕ್ಕದಲ್ಲಿ ಬಂದ ದಿನವೂ ಸೇರುತ್ತದೆ, ಹೊರಡುವ ದಿನವೂ ಸೇರುತ್ತದೆ. ಮೊನ್ನೆ ಮೊಮ್ಮಗಳು ಅಜ್ಜ ಅಜ್ಜಿ ಇರುವ ದಿನಗಳ ಪಟ್ಟಿಯನ್ನು ಪೈಥಾನಿನಲ್ಲಿ ಬರೆದು, ಪ್ರಿಂಟ್ ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅದು ಎಂಬತ್ತೊಂಬತ್ತಕ್ಕೆ ನಿಂತಿದೆ. ರೇಂಜ್ ಒಂದು, ತೊಂಬತ್ತು. ಹನ್ನೊಂದರ ಪಾಠ ನನಗೆ ಕಲಿಸಿದವಳೇ ಅವಳು. ದಿನಕ್ಕೆ ಹತ್ತು ಸಲ ಫ್ರಿಜ್ ತೆಗೆಯುವ ನಾನು ಅದನ್ನು ನೋಡುತ್ತೇನೆ. ತಿದ್ದು ಅಂತ ಹೇಳಿಲ್ಲ.