ಸಿಗ್ನಲ್ ಭಾವ

ಯಾರ ಮನೆಗೆ ಹೋದರೂ ನಮ್ಮ ಭಾವ ಚಪ್ಪಲಿ ಬಿಡುವ ಮೊದಲೇ ಗೋಡೆ, ಮೂಲೆ, ಸಜ್ಜಾ ಎಲ್ಲ ಕಣ್ಣಾಡಿಸುತ್ತಾರೆ. ವಾಸ್ತು ನೋಡುತ್ತಿದ್ದಾರೆ ಅಂದುಕೊಂಡು ಮನೆಯವರು ಗಾಬರಿಯಾಗುತ್ತಾರೆ. ಭಾವ ಹುಡುಕುತ್ತಿರುವುದು ರೂಟರನ್ನು. ಅದು ಟೀವಿಯ ಬೆನ್ನಿಗೋ, ಶೋಕೇಸಿನ ಗಾಜಿನೊಳಗೆ ಗಣೇಶನ ಪಕ್ಕಕ್ಕೋ ಕೂತಿದ್ದರೆ ಕಾಫಿ ಅವರಿಗೆ ರುಚಿಸುವುದಿಲ್ಲ. ಚಿಕ್ಕಪ್ಪನ ಮಗನಿಗೆ ಹೆಣ್ಣು ನೋಡಲು ಹೋದಾಗಲೂ ಹೀಗೇ ಆಯಿತು. ಉಪ್ಪಿಟ್ಟು, ಕೇಸರಿಬಾತು ಮುಗಿಸಿ ವಾಪಸು ಬರುವಾಗ ಕಾರಿನಲ್ಲಿ ಅಮ್ಮ, "ನಿಮಗೇನನ್ನಿಸಿತು ಅಳಿಯಂದಿರೇ?" ಎಂದು ಕೇಳಿದರು. ಭಾವ ಸಿಗ್ನಲ್ ಹಸಿರಾಗುವ ತನಕ ಯೋಚಿಸಿ, "ಜನ ಒಳ್ಳೆಯವರೇ ಅತ್ತೆ. ಆದರೆ ರೂಟರನ್ನ ನೆಲದ ಮೇಲಿಟ್ಟಿದ್ದಾರೆ" ಅಂದರು. ಸಂಬಂಧ ಮುಂದುವರಿಯಲಿಲ್ಲ. ಕಾರಣ ಜಾತಕ ಅಂತ ಹೊರಗೆ ಹೇಳಿದ್ದೇವೆ.

ಇಂಥವರೊಬ್ಬರು ಪ್ರತಿ ಮನೆತನದಲ್ಲೂ ಇರುತ್ತಾರೆ. ಒಂದು ಕಾಲಕ್ಕೆ ಇವರೇ ಟೆರೇಸಿನಲ್ಲಿ ನಿಂತು ಆಂಟೆನಾ ತಿರುಗಿಸುತ್ತಿದ್ದರು, ಸ್ಕೂಟರಿನ ಪ್ಲಗ್ ಬಿಚ್ಚಿ ಉಜ್ಜುತ್ತಿದ್ದರು. ಆದರೆ ರಿಪೇರಿ ಮಾಡುವವರೇ ಬೇರೆ, ಇವರೇ ಬೇರೆ. ರಿಪೇರಿಯವನಿಗೆ ಕೆಟ್ಟದ್ದು ಸರಿಯಾದರೆ ಸಾಕು. ಇವರಿಗೆ ಅದು ಯಾಕೆ ಕೆಟ್ಟಿತು ಅಂತ ಗೊತ್ತಾಗಬೇಕು. ಸರಿಹೋದರೆ ಯಾಕೆ ಸರಿಹೋಯಿತು ಅಂತಲೂ ಗೊತ್ತಾಗಬೇಕು. ಗೊತ್ತಾಗದೆ ಸರಿಹೋದದ್ದನ್ನು ಇವರು ರಿಪೇರಿ ಅನ್ನುವುದಿಲ್ಲ, ಕಾಕತಾಳೀಯ ಅನ್ನುತ್ತಾರೆ.

ಇಂಥ ಭಾವನ ಕೈಗೆ ಒಂದು ಗೇಮಿಂಗ್ ಕಂಪ್ಯೂಟರ್ ಬಂತು. ಎರಡೂ ಕೈಯಲ್ಲಿ ಹಿಡಿದು ಆಡುವಂಥದ್ದು. 2022ರ ಫೆಬ್ರವರಿಯಲ್ಲಿ ವಾಲ್ವ್ ಕಂಪನಿ ಸ್ಟೀಮ್ ಡೆಕ್ ಬಿಟ್ಟಿದ್ದೇ ತಡ, ಈ ಕೈಯಂತ್ರಗಳಿಗೆ ಸುಗ್ಗಿ ಶುರುವಾಯಿತು. ಮರುವರ್ಷ ಏಸುಸ್, ಲೆನೊವೊ ತಂತಮ್ಮದನ್ನು ತಂದವು. ನೋಡಲು ಮಕ್ಕಳ ಆಟಿಕೆ, ಒಳಗಿರುವುದು ಪೂರ್ತಿ ಕಂಪ್ಯೂಟರು. ಭಾವನದು ಯಾವ ಕಂಪನಿಯದು ಅಂತ ನಾನು ಬರೆಯುವುದಿಲ್ಲ. ತಪ್ಪು ಯಂತ್ರದ್ದೋ, ಹನುಮಂತನಗರದ ನಮ್ಮ ಹಳೇ ಮನೆಯ ಒಂಬತ್ತಿಂಚಿನ ಗೋಡೆಯದೋ, ಭಾವನದೋ ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಅಕ್ಕನ ಮತ ಮೂರನೆಯದಕ್ಕೆ. ಯಾಕೆಂದರೆ ಯಂತ್ರ ಬಂದ ವಾರವೇ ಭಾವ ಅದರಲ್ಲಿದ್ದ ವಿಂಡೋಸ್ ಕಿತ್ತುಹಾಕಿ ಲಿನಕ್ಸ್ ತುಂಬಿದರು.

"ಚೆನ್ನಾಗೇ ನಡೀತಿತ್ತಲ್ಲರೀ?" ಅಂದಳು ಅಕ್ಕ.

"ನಡೀತಿತ್ತು. ಆದರೆ ಹೇಗೆ ನಡೀತಿದೆ ಅಂತ ಗೊತ್ತಾಗ್ತಿರಲಿಲ್ಲ."

ಆಮೇಲೆ ನಡೆಯುವುದು ನಿಂತಿತು, ಯಾಕೆ ಅನ್ನುವುದು ಸ್ವಲ್ಪಸ್ವಲ್ಪವಾಗಿ ಗೊತ್ತಾಗತೊಡಗಿತು. ವೈಫೈ ಗೀಟುಗಳೇನೋ ತುಂಬಿಕೊಂಡೇ ಇರುತ್ತಿದ್ದವು. ನೂರು ಜಿಬಿ ಮೀರಿದ ಯಾವುದೋ ಯುದ್ಧದಾಟ ಡೌನ್‌ಲೋಡ್ ಆಗುತ್ತ ಆಗುತ್ತ ಕಾಲು ಭಾಗಕ್ಕೆ ಬಂದು ನಿಂತುಬಿಡುತ್ತಿತ್ತು. ಯಂತ್ರವನ್ನು ನಿದ್ದೆಗೆ ಹಾಕಿ ಎಬ್ಬಿಸಿದರೆ ನೆಟ್ಟೇ ಇಲ್ಲ. ಮನೆಯಲ್ಲಿ ಉಳಿದೆಲ್ಲ ಫೋನು, ಲ್ಯಾಪ್‌ಟಾಪು, ಟೀವಿಗೆ ನೆಟ್ ಬರುತ್ತಿದೆ, ಇದೊಂದಕ್ಕೆ ಇಲ್ಲ. ಬೇರೆಯವರಾಗಿದ್ದರೆ ತೊಂದರೆ ಇದೊಂದರಲ್ಲೇ ಇದೆ ಅಂದುಕೊಳ್ಳುತ್ತಿದ್ದರು. ಭಾವ ಉಳಿದೆಲ್ಲವನ್ನೂ ಅನುಮಾನಿಸಿದರು.

ಮೊದಲು ಸಿಕ್ಕಿಬಿದ್ದದ್ದು ಅಕ್ಕನ ಮೈಕ್ರೋವೇವ್. ಅದು ಅನ್ನ ಬಿಸಿ ಮಾಡುವುದೂ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ, ಹಳೆಯ ವೈಫೈ ಓಡುವುದೂ ಅಲ್ಲೇ. ಭಾವ ಹೇಳಿದ್ದು ಸುಳ್ಳಲ್ಲ. ಆದರೆ ಆ ಸತ್ಯದ ಫಲವಾಗಿ ಹದಿನೈದು ದಿನ ನಾವೆಲ್ಲ ತಣ್ಣನೆಯ ಸಾರು ಉಂಡೆವು. ಆಮೇಲೆ ಬ್ಲೂಟೂತ್ ಹೆಡ್‌ಫೋನ್, ಅದೂ ಅದೇ ದಾರಿಯಲ್ಲಿ ಓಡಾಡುವುದು. ಆಮೇಲೆ ಯಂತ್ರಕ್ಕೆ ಸಿಕ್ಕಿಸಿದ್ದ ಯುಎಸ್‌ಬಿ 3 ಹಾರ್ಡ್‌ಡಿಸ್ಕ್. ಅದರ ವೈರಿನಿಂದ ಹೊರಡುವ ಗದ್ದಲ 2.4ರ ವೈಫೈಯನ್ನು ಕೆಡಿಸುತ್ತದೆ ಅಂತ ಇಂಟೆಲ್ ಕಂಪನಿಯೇ 2012ರಲ್ಲಿ ಬರೆದು ಪ್ರಕಟಿಸಿದೆಯಂತೆ. ಆಮೇಲೆ ಅಮ್ಮ. ರೂಟರ್ ಮೇಲೆ ಧೂಳು ಕೂರಬಾರದು ಅಂತ ಅವರು ಕ್ರೋಷಾದಲ್ಲಿ ಹೆಣೆದ ಮುಸುಕು ಹೊದಿಸಿ, ಅದನ್ನು ಗೋದ್ರೇಜ್ ಬೀರುವಿನ ಹಿಂದಕ್ಕೆ ಸರಿಸಿದ್ದರು. ಮುಸುಕಿನಿಂದ ತೊಂದರೆಯಿಲ್ಲ, ಬೀರು ಕಬ್ಬಿಣದ್ದು, ಅದನ್ನು ದಾಟಿ ಅಲೆ ಬರುವುದಿಲ್ಲ ಅಂತ ಭಾವ ವಿನಯದಿಂದ ವಿವರಿಸಿದರು. ಅಜ್ಜಿಯ ಕಾಲದಿಂದ ಅಲ್ಲಾಡದ ಬೀರು ಎರಡಡಿ ಎಡಕ್ಕೆ ಸರಿಯಿತು. ಅಡಿಯಲ್ಲಿ ಎಂದೋ ಕಳೆದಿದ್ದ ಬೆಳ್ಳಿಯ ಕುಂಕುಮದ ಭರಣಿ ಸಿಕ್ಕಿತು. ಅಂದಿನಿಂದ ಅಮ್ಮನಿಗೆ ಅಳಿಯನ ವಿದ್ಯೆಯ ಮೇಲೆ ಭಕ್ತಿ.

ಪಕ್ಕದ ಮನೆಯವರಿಗೆ ಆ ಭಕ್ತಿ ಬರಲಿಲ್ಲ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6, 11. ಭಾವ ಫೋನ್ ಹಿಡಿದು ಇಡೀ ಬೀದಿ ಸುತ್ತಿ ಯಾರ್‍ಯಾರು ಎಲ್ಲೆಲ್ಲಿ ಕೂತಿದ್ದಾರೆ ಅಂತ ಪಟ್ಟಿ ಮಾಡಿಕೊಂಡು ಬಂದರು. ಪಕ್ಕದ ಮನೆಯವರು 3ರಲ್ಲಿದ್ದರು. "1ಕ್ಕೂ ಉಪದ್ರವ, 6ಕ್ಕೂ ಉಪದ್ರವ" ಎಂದು ಹಲ್ಲು ಕಡಿಯುತ್ತ ಹೋಗಿ ಅವರ ಗೇಟು ಬಡಿದು, ಮೂರನೇ ಚಾನೆಲ್ ಬಿಡುವಿರಾ ಎಂದು ಕೇಳಿದರು. ಆ ಮನೆಯ ಯಜಮಾನರು ಕೈ ಮುಗಿದು, "ರಾತ್ರಿ ಸೌಂಡ್ ಜಾಸ್ತಿ ಆಯ್ತಾ ಸಾರ್? ನಮ್ಮತ್ತೆ ಧಾರಾವಾಹಿ ಒಂದೇ ನೋಡೋದು, ಅದು ಯಾವ ಚಾನೆಲ್ಲಲ್ಲಿ ಬರುತ್ತೋ ನನಗೂ ಗೊತ್ತಿಲ್ಲ" ಅಂದರು.

ನಮ್ಮ ಅಪ್ಪ ಬ್ಯಾಂಕಿನಲ್ಲಿ ಲೆಕ್ಕ ನೋಡಿ ನಿವೃತ್ತರಾದವರು. ಭಾವ ಮನೆಯ ಮೂಲೆಮೂಲೆಗೆ ಹೋಗಿ ಸಿಗ್ನಲ್ ಅಳೆದು, ತಮ್ಮ ಮಗಳು ಪುಟ್ಟಿಯ ಹಳೇ ಗಣಿತದ ನೋಟ್‌ಬುಕ್ಕಿನಲ್ಲಿ ಅಂಕಿ ಬರೆದುಕೊಳ್ಳುವುದನ್ನು ಅಪ್ಪ ಗಮನಿಸುತ್ತಿದ್ದರು. ಹಾಲ್: ಮೈನಸ್ 48. ಅಡುಗೆಮನೆ: ಮೈನಸ್ 63. ಮಹಡಿಯ ರೂಮು: ಮೈನಸ್ 81.

"ಎಲ್ಲಾ ಮೈನಸ್ಸೇ ಇದೆಯಲ್ಲಪ್ಪಾ" ಅಂದರು ಅಪ್ಪ, ಕನಿಕರದಿಂದ.

"ಅದು ಯಾವಾಗಲೂ ಮೈನಸ್ಸೇ ಮಾವ. ಮೈನಸ್ 67ರ ತನಕ ಪರವಾಗಿಲ್ಲ."

"ಅರವತ್ತೇಳು ನಷ್ಟವಾದರೂ ಪರವಾಗಿಲ್ಲ ಅಂದರೆ ಯಾರ ದುಡ್ಡಿದು?"

ಅದು ದುಡ್ಡಲ್ಲ, ಡಿಬಿಎಂ. ಹತ್ತು ಇಳಿದರೆ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ, ಇಪ್ಪತ್ತು ಇಳಿದರೆ ನೂರರಲ್ಲೊಂದು ಪಾಲು ಎಂದು ಭಾವ ಬಿಡಿಸಿ ಹೇಳಿದರು. ಅಪ್ಪ ಚಕ್ರಬಡ್ಡಿಯನ್ನು ಉಲ್ಟಾ ಹಾಕಿದಂತೆ ಅಂತ ಅರ್ಥಮಾಡಿಕೊಂಡು, ಇಬ್ಬರೂ ರಾತ್ರಿ ಹನ್ನೊಂದರವರೆಗೆ ಮಹಡಿ ಮೆಟ್ಟಿಲ ಮೇಲೆ ಕೂತು ಪ್ರತಿ ಮೆಟ್ಟಿಲಿನ ಅಂಕಿ ತೆಗೆದರು. ಮಾವ ಅಳಿಯ ಅಷ್ಟು ಹೊತ್ತು ಮಾತಾಡಿದ್ದನ್ನು ಮದುವೆಯಾದಾಗಿನಿಂದ ನಾನು ನೋಡಿರಲಿಲ್ಲ.

ಹಿಡಿಯುವ ರೀತಿಯ ಮೇಲೂ ಸಂಶೋಧನೆ ನಡೆಯಿತು. ಅಂಗೈ ಆಂಟೆನಾ ಮುಚ್ಚಿದರೆ ಸಿಗ್ನಲ್ ಕುಗ್ಗುತ್ತದೆ. 2010ರಲ್ಲಿ ಐಫೋನ್ 4ರ ಎಡ ಕೆಳಮೂಲೆ ಹಿಡಿದರೆ ಕಾಲ್ ಕಡಿಯುತ್ತದೆ ಅಂತ ಜಗತ್ತಿನಲ್ಲೆಲ್ಲ ರಂಪವಾಗಿತ್ತು. ಹಾಗಾಗಿ ಕೆಲವು ದಿನ ಭಾವ ಯಂತ್ರವನ್ನು ಬೆರಳ ತುದಿಯಲ್ಲಿ, ಕರ್ಪೂರ ಹಚ್ಚಿದ ಮಂಗಳಾರತಿ ತಟ್ಟೆಯಂತೆ ಹಿಡಿದು ಕೂರುತ್ತಿದ್ದರು. ಹಾಗೆ ಹಿಡಿದರೆ ಗುಂಡಿ ಒತ್ತಲು ಬೆರಳು ಉಳಿಯುವುದಿಲ್ಲ. ಗುಂಡಿ ಒತ್ತುವ ಅಗತ್ಯ ಭಾವನಿಗೆ ಬಿದ್ದಿರಲೂ ಇಲ್ಲ.

ಕೊನೆಗೆ ನೆಟ್ ಕೊಟ್ಟಿರುವ ಹುಡುಗನನ್ನು ಕರೆಸಿದ್ದಾಯಿತು. ಅವನು ಹೆಲ್ಮೆಟ್ಟೂ ತೆಗೆಯದೆ, "ಆಫ್ ಮಾಡಿ ಆನ್ ಮಾಡಿದ್ರಾ ಸಾರ್?" ಅಂದ. ಭಾವನ ಮುಖ ನೋಡಲಾಗಲಿಲ್ಲ. ನೋಟ್‌ಬುಕ್ ತೋರಿಸಿದರು. ಅವನು ಎರಡು ಹಾಳೆ ತಿರುವಿ, "ಮೇಲಿಂದಾನೇ ಪ್ರಾಬ್ಲಂ ಸಾರ್" ಎಂದು ಗಾಡಿ ಹತ್ತಿದ. ಅಮ್ಮ ದೇವರಮನೆಯ ಕಡೆ ನೋಡಿ, "ನಾನೂ ಅದನ್ನೇ ಹೇಳ್ತಿದ್ದೆ" ಅಂದರು.

ನಿಜವಾದ ಮದ್ದು ಭಾವನಿಗೆ ಮೊದಲೇ ಗೊತ್ತಿತ್ತು ಅನ್ನುವುದು ನನ್ನ ಗುಮಾನಿ. ತುಂಬ ಸಣ್ಣದಾದ್ದರಿಂದ ಅದನ್ನು ಕೊನೆಗಿಟ್ಟುಕೊಂಡಿದ್ದರು. ಬ್ಯಾಟರಿ ಉಳಿಸಲು ಈ ಯಂತ್ರಗಳ ವೈಫೈ ಚಿಪ್ ಮಧ್ಯೆಮಧ್ಯೆ ನಿದ್ದೆ ಹೊಡೆಯುತ್ತದೆ. ರೂಟರ್ ಸೆಕೆಂಡಿಗೆ ಸುಮಾರು ಹತ್ತು ಸಲ 'ನಾನಿದ್ದೇನೆ, ನಿನಗೇನೋ ಬಂದಿದೆ' ಎಂದು ಕೂಗು ಹಾಕುತ್ತಿರುತ್ತದೆ. ಚಿಪ್ ಆ ಹೊತ್ತಿಗೆ ಎದ್ದು ಕೇಳಿಸಿಕೊಂಡು ಮತ್ತೆ ಮಲಗಬೇಕು. ಕೆಲವಕ್ಕೆ ಎಚ್ಚರವಾಗುವುದಿಲ್ಲ. ಆಗಲೇ ಗೀಟು ತುಂಬಿದ್ದರೂ ನೆಟ್ ಸತ್ತಿರುತ್ತದೆ. ಆ ನಿದ್ದೆಯನ್ನು ನಿಲ್ಲಿಸಿಬಿಟ್ಟರೆ ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ನೆಟ್ ಮಾತ್ರ ಕಡಿಯದೆ ಉಳಿಯುತ್ತದೆ. ಲಿನಕ್ಸಿನಲ್ಲಿ ಇದಕ್ಕೆ ನೆಟ್‌ವರ್ಕ್‌ಮ್ಯಾನೇಜರ್‌ನ ಒಂದು ಕಡತದಲ್ಲಿ ಒಂದೇ ಸಾಲು ಬರೆದರೆ ಆಯಿತು: ಪವರ್‌ಸೇವ್ ಸಮ 2.

"ಎರಡು ಅಂದರೆ?" ಅಕ್ಕ ಕೇಳಿದಳು.

"ಆಫ್."

"ಆನ್ ಮಾಡಬೇಕಿದ್ದರೆ?"

"ಮೂರು."

"ಸೊನ್ನೆ?"

"ಸೊನ್ನೆ ಅಂದರೆ ಮಾಮೂಲಿ. ಒಂದು ಅಂದರೆ ಕೈ ಹಾಕಬೇಡ, ಹೇಗಿದೆಯೋ ಹಾಗೇ ಬಿಡು ಅಂತ."

"ನಿಮ್ಮ ಮೇಲೆ ಆ ಒಂದನ್ನ ಬರೆಯೋಕಾಗಲ್ವಾ?" ಅಂದಳು ಅಕ್ಕ.

ಸಾಲು ಬರೆದರು, ಯಂತ್ರ ಮತ್ತೆ ಹಚ್ಚಿದರು. ನೂರು ಜಿಬಿಯೂ ಮುಗ್ಗರಿಸದೆ ಇಳಿಯಿತು. ನಿದ್ದೆಯಿಂದ ಎಬ್ಬಿಸಿದರೆ ನೆಟ್ ತಯಾರು. ಅಮ್ಮ ಸಜ್ಜಿಗೆ ಮಾಡಿದರು. ಭಾವ ಮಾತ್ರ ಒಂದು ಥರಾ ಮಂಕಾಗಿ ಊಟದ ತಟ್ಟೆಯಲ್ಲಿ ಬೆರಳಾಡಿಸುತ್ತ, "ಇದರಿಂದಲೇ ಸರಿಹೋಯಿತು ಅಂತ ಹೇಗೆ ಹೇಳೋದು? ಬೀರುನೂ ಸರಿಸಿದ್ದೇವಲ್ಲ" ಅಂದರು. ಮರುದಿನ ಕಡತ ತೆರೆದು 2 ಅಳಿಸಿ 3 ಬರೆದರು. ನೆಟ್ ಕೆಟ್ಟಿತು. ಅವತ್ತು ಅವರು ಎರಡು ಸಲ ಬಡಿಸಿಕೊಂಡು ಉಂಡರು. ಮತ್ತೆ 2 ಬರೆದು, ಬೀರುವನ್ನು ವಾಪಸು ಹಳೇ ಜಾಗಕ್ಕೆ ತಳ್ಳಲು ನನ್ನನ್ನು ಕರೆದರು. ನನಗೆ ಆ ದಿನ ಸೊಂಟ ನೋವಿತ್ತು.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಪೂರ್ತಿ ವಾಸಿಯಾಗಿದೆ ಅನ್ನುವುದಕ್ಕೆ ದಾಖಲೆ ಬೇಕಲ್ಲ. ನಿಮಿಷಕ್ಕೊಮ್ಮೆ ನೆಟ್ ಇದೆಯೋ ಇಲ್ಲವೋ ಬರೆದಿಡುವ ಚಿಕ್ಕ ಪ್ರೋಗ್ರಾಮ್ ಮಾಡಿ, ಯಂತ್ರ ನಿದ್ದೆ ಹೋಗದಂತೆ ಕಟ್ಟು ಹಾಕಿ, ಚಾರ್ಜಿಗೆ ಸಿಕ್ಕಿಸಿ ಮಹಡಿಯ ಮೇಜಿನ ಮೇಲಿಟ್ಟು ಆಫೀಸಿಗೆ ಹೋದರು. ರಾತ್ರಿ ನೋಡಿದರೆ ಬೆಳಿಗ್ಗೆಯಿಂದ ನೆಟ್ ಬಂಡೆಯಂತೆ ಇದೆ, ಸಂಜೆ ನಾಲ್ಕೂವರೆಯಿಂದ ಆರರವರೆಗೆ ಮಾತ್ರ ಏನೇನೂ ಇಲ್ಲ. ಮರುದಿನವೂ ನಾಲ್ಕೂವರೆಯಿಂದ ಆರು. ಅದರ ಮರುದಿನವೂ. ಅಕ್ಕನ ಲ್ಯಾಪ್‌ಟಾಪಿಗೆ ಆ ಹೊತ್ತಿನಲ್ಲಿ ಏನೂ ಆಗುತ್ತಿರಲಿಲ್ಲ. ಅದು ಇನ್ನೂ 2.4ರಲ್ಲಿದೆ, ತಮ್ಮದು ಈಗ 5 ಗಿಗಾಹರ್ಟ್ಸ್‌ನಲ್ಲಿ ಎಂದು ಭಾವ ಥಟ್ಟನೆ ಹಿಡಿದರು. ಅವರ ಕಣ್ಣಲ್ಲಿ ಬೆಳಕು ವಾಪಸು ಬಂದಿತ್ತು.

5 ಗಿಗಾಹರ್ಟ್ಸ್‌ನಲ್ಲಿ 52ರಿಂದ 144ರವರೆಗಿನ ಚಾನೆಲ್ಲುಗಳನ್ನು ವೈಫೈ ಮತ್ತು ರೇಡಾರ್ ಹಂಚಿಕೊಂಡಿವೆ. ರೂಟರ್ ಅಲ್ಲಿಗೆ ಕಾಲಿಡುವ ಮೊದಲು ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕೇಳಬೇಕು; ರೇಡಾರ್ ಸುಳಿವು ಸಿಕ್ಕರೆ ಗಂಟುಮೂಟೆ ಕಟ್ಟಿ ಬೇರೆ ಚಾನೆಲ್ಲಿಗೆ ಹೋಗಬೇಕು. ಬೆಂಗಳೂರಿನಲ್ಲಿ ವಿಮಾನಕ್ಕೇನು ಬರ? ಯಲಹಂಕದಲ್ಲಿ ವಾಯುನೆಲೆ, ಅಲ್ಲಿ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ, ಇತ್ತ ಎಚ್‌ಎಎಲ್. ಭಾವ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದು ಮೇಲೆ 'ರೇಡಾರ್' ಎಂದು ಬರೆದು ಕೆಳಗೆ ಎರಡು ಗೀಟು ಎಳೆದರು. ರೇಡಾರ್ ಕಾಟವಿಲ್ಲದ 36ನೇ ಚಾನೆಲ್ಲಿಗೆ ರೂಟರನ್ನು ಬದಲಾಯಿಸಿದರೂ ನಾಲ್ಕೂವರೆಯ ಕಾಯಿಲೆ ಹೋಗಲಿಲ್ಲ. ಹಾಗಾದರೆ ಇದು ಮಾಮೂಲಿ ರೇಡಾರ್ ಅಲ್ಲ ಅಂತಾಯಿತು.

ಒಂದು ತಿಂಗಳ ಲೆಕ್ಕ ಸೇರಿದ ಮೇಲೆ ಇನ್ನೊಂದು ಗೊತ್ತಾಯಿತು. ಭಾನುವಾರ ತೊಂದರೆಯಿಲ್ಲ. ಶನಿವಾರವೂ ಇಲ್ಲ. ಜನವರಿ 26ಕ್ಕೆ ಇರಲೇ ಇಲ್ಲ.

"ಎಲ್ಲಾ ಶನಿವಾರನೂ ಇಲ್ವಾ?" ಅಪ್ಪ ಕನ್ನಡಕ ಏರಿಸಿದರು. "ಎರಡನೇದು ನಾಲ್ಕನೇದು ಮಾತ್ರವಾಗಿದ್ದರೆ ಬ್ಯಾಂಕು ಅನ್ನಬಹುದಿತ್ತು, ರಾಜ್ಯ ಸರ್ಕಾರ ಅನ್ನಬಹುದಿತ್ತು."

"ಎಲ್ಲಾ ಶನಿವಾರ, ಮಾವ."

"ಹಾಗಾದರೆ ಐದು ದಿನದ ವಾರ. ಕೇಂದ್ರ ಸರ್ಕಾರದ್ದೇ."

ಭಾವ ಅಪ್ಪನ ಕೈ ಕುಲುಕಿದರು. ದೇಶದ ರಕ್ಷಣೆಯ ವಿಷಯ, ಹೊರಗೆ ಮಾತಾಡಬಾರದು ಅಂತ ಅಮ್ಮನಿಗೂ ನನಗೂ ತಾಕೀತಾಯಿತು. ಆ ಒಂದೂವರೆ ಗಂಟೆಯನ್ನು ದೇಶಕ್ಕೆ ಬಿಟ್ಟುಕೊಡಲು ಭಾವ ಮನಸ್ಸಿನಲ್ಲೇ ಸಿದ್ಧರಾದಂತಿತ್ತು.

ಪುಟ್ಟಿ ಶಾಲೆಯಿಂದ ಬರುವುದು ನಾಲ್ಕು ಕಾಲಿಗೆ. ಕೈಕಾಲು ತೊಳೆದು ಹಾಲು ಕುಡಿದು ಮಹಡಿ ಹತ್ತುವ ಹೊತ್ತಿಗೆ ನಾಲ್ಕೂವರೆ. ಅವಳು ಆಡುವುದು ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಎನ್ನುವವರು ಒಬ್ಬರೇ ಕೂತು ಮಾಡಿ 2016ರಲ್ಲಿ ಬಿಟ್ಟ ಹೊಲಗದ್ದೆಯ ಆಟ. ಬೀಜ ಬಿತ್ತುವುದು, ನೀರು ಹಾಯಿಸುವುದು, ಕೋಳಿ ಸಾಕುವುದು. ಒಬ್ಬರೇ ಆಡುವುದಾದರೆ ನೆಟ್ಟೇ ಬೇಡ. ಇದ್ದರೆ ಅವಳಪ್ಪನ ಡೌನ್‌ಲೋಡು, ಅಪ್‌ಡೇಟು ಒಂದೊಂದೇ ಮುಖ ತೋರಿಸಿ ಬಿತ್ತನೆ ಕೆಡಿಸುತ್ತವೆ. ಅದಕ್ಕೇ ಅವಳು ಕೂತ ತಕ್ಷಣ ಏರ್‌ಪ್ಲೇನ್ ಮೋಡ್ ಹಾಕುತ್ತಾಳೆ. ಆರಕ್ಕೆ ಅವಳಪ್ಪನ ಗಾಡಿ ತಿರುವಿಗೆ ಬರುವ ಮುಂಚೆ ತೆಗೆದು, ಯಂತ್ರವನ್ನು ಇದ್ದ ಹಾಗೇ ಇಟ್ಟು ಕೆಳಗೆ ಬಂದು ಮಗ್ಗಿ ಪುಸ್ತಕ ತೆರೆಯುತ್ತಾಳೆ. ಯಾವ ಆಟ ಎಷ್ಟು ಹೊತ್ತು ನಡೆದಿದೆ ಅಂತ ಯಂತ್ರವೇ ಲೆಕ್ಕ ಇಟ್ಟಿರುತ್ತದೆ. ಆದರೆ ಭಾವ ಆಟಗಳಿರುವ ಕಡೆ ಇಣುಕುವವರೇ ಅಲ್ಲ.

ಅಕ್ಕನಿಗೆ ಇದೆಲ್ಲ ಮೊದಲ ವಾರದಿಂದ ಗೊತ್ತು. ನನಗೆ ಹೇಳಿದವಳೂ ಅವಳೇ. ಭಾವನಿಗೆ ಹೇಳಿಬಿಡೋಣವೇ ಅಂದದ್ದಕ್ಕೆ, "ಸುಮ್ಮನಿರೋ, ರೇಡಾರ್ ಇರೋ ತನಕ ಮೈಕ್ರೋವೇವ್ ಉಳಿಯುತ್ತೆ" ಅಂದಳು. ಅಷ್ಟರಲ್ಲಿ ಪುಟ್ಟಿ ಮಹಡಿಯಿಂದ ಇಳಿದು ಬಂದು ಅಕ್ಕನ ಸೆರಗು ಹಿಡಿದು, "ಅಮ್ಮಾ, ಬೇಸಿಗೆ ರಜದಲ್ಲಿ ರೇಡಾರ್ ಬೆಳಿಗ್ಗೆಯಿಂದಲೇ ಶುರುವಾಗಬಹುದಾ?" ಎಂದು ಕೇಳಿದಳು.