ಟೇಪು ಸಾಹೇಬರು

2019ರಲ್ಲಿ ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಶುರುವಾದ ಮೇಲೆ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಓಡಾಡತೊಡಗಿದ, ಗುತ್ತಿಗೆದಾರನ ಕೆಲಸವನ್ನು ಹೊರಗಿನವರಾಗಿ ಪರೀಕ್ಷಿಸುವ ಒಂದು ಜೀವಿ ಥರ್ಡ್ ಪಾರ್ಟಿ ಇನ್‌ಸ್ಪೆಕ್ಷನ್ ಇಂಜಿನಿಯರ್. ಇಲಾಖೆ ಅವರನ್ನು ತನ್ನವರು ಅನ್ನುವುದಿಲ್ಲ. ಗುತ್ತಿಗೆದಾರ ಅನ್ನುವುದಂತೂ ದೂರದ ಮಾತು. ಊರಿನವರು ಮಾತ್ರ ಬಂದ ದಿನವೇ ನಾಮಕರಣ ಮುಗಿಸಿಬಿಡುತ್ತಾರೆ: ಟೇಪು ಸಾಹೇಬರು.

ಹೆಚ್ಚಾಗಿ ನಿವೃತ್ತ ಸಹಾಯಕ ಇಂಜಿನಿಯರ್. ಸೊಂಟದಲ್ಲಿ ಐದು ಮೀಟರ್ ಟೇಪು, ಚೀಲದಲ್ಲಿ ಪುಟ್ಟ ಸುತ್ತಿಗೆ. ಮದುವೆಗೆ ಹೋದರೆ ಮೊದಲು ಛತ್ರದ ಕಂಬ ತಟ್ಟಿ ನೋಡಿ, ಆಮೇಲೆ ಗಂಡು-ಹೆಣ್ಣಿನ ಕಡೆ ತಿರುಗುವವರು.

ಅಂದಾಜುಪಟ್ಟಿಯ ಪ್ರಕಾರ ಪೈಪಿನ ಕಾಲುವೆ ಒಂದು ಮೀಟರ್ ಆಳ. ಸೈಟಿನಲ್ಲಿ ಅದು ಜೆಸಿಬಿ ಆಪರೇಟರನ ಮನಸ್ಸು ಬಂದಷ್ಟು ಆಳ. ಸಾಹೇಬರು ಬರುತ್ತಾರೆಂದು ತಿಳಿದರೆ ಗುತ್ತಿಗೆದಾರ ಬೇವಿನ ಮರದಡಿ ಕುರ್ಚಿ ಹಾಕಿಸಿ, ಎಳನೀರು ಕೆತ್ತಿಸಿ, "ಅಳತೆ ಇಲ್ಲೇ ಹಿಡೀರಿ ಸಾರ್, ನೆರಳಿದೆ" ಅನ್ನುತ್ತಾನೆ.

"ಎಳನೀರು ಇಟ್ಟ ಕಡೆ ಆಳ ಸರಿಯಾಗೇ ಇರುತ್ತೆ ಕಣಯ್ಯ. ಇಡದ ಕಡೆ ಹೋಗೋಣ ನಡಿ."

ಇಡದ ಕಡೆ ಹೋದರೆ, ನೀಲಿ ಗೆರೆಯ ಕಪ್ಪು ಎಚ್‌ಡಿಪಿಇ ಪೈಪು ಬಂಡೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದೆ. ಅಡಿಯಲ್ಲಿ ಹಿಡಿ ಮರಳೂ ಇಲ್ಲ.

"ಬಂಡೆ ಸಿಕ್ಕಿಬಿಡ್ತು ಸಾರ್."

"ಬಂಡೆ ಒಡೆದ ದುಡ್ಡು ಬಿಲ್ಲಲ್ಲಿ ಹಾಕಿದ್ದೀಯ. ಬಂಡೆ ಇನ್ನೂ ಇಲ್ಲೇ ಕೂತಿದೆಯಲ್ಲೋ!"

ಫೋಟೊದಲ್ಲೂ ಅವರನ್ನು ಯಾಮಾರಿಸುವುದು ಕಷ್ಟ. ನಾಲ್ಕು ಬೀದಿಯ ಕಾಲುವೆ ಅಂತ ನಾಲ್ಕು ಪಟ ಕಳಿಸಿದರೆ, ಅಕ್ಷಾಂಶ-ರೇಖಾಂಶ ಓದುವ ಮೊದಲೇ, "ನಾಲ್ಕು ಬೀದಿಯಲ್ಲೂ ಒಂದೇ ಕಂದು ನಾಯಿ ಮಲಗಿದೆಯಲ್ಲಪ್ಪಾ" ಅನ್ನುತ್ತಾರೆ.

ಕಾಂಕ್ರೀಟಿನ ಕಥೆ ಇನ್ನೂ ಸೊಗಸು. ಎಂ-30 ಅಂದರೆ 15 ಸೆಂಟಿಮೀಟರಿನ ಕ್ಯೂಬು 28 ದಿನ ನೀರಲ್ಲಿ ನೆಂದು, ಪ್ರತಿ ಚದರ ಮಿಲಿಮೀಟರಿಗೆ 30 ನ್ಯೂಟನ್ ಭಾರ ತಡೆಯಬೇಕು. ಮೇಸ್ತ್ರಿ ಜಾಣ, ಕ್ಯೂಬಿಗೆಂದೇ ಸಿಮೆಂಟು ಸುರಿದು ಬೇರೆ ಮಾಲು ಕಲೆಸಿ ಮೂಲೆಯಲ್ಲಿ ಮುಚ್ಚಿಟ್ಟಿರುತ್ತಾನೆ. ಸಾಹೇಬರು ಅದನ್ನು ನೋಡಿ ತಲೆದೂಗಿ, ಸೆಂಟ್ರಿಂಗ್ ಮೇಲೆ ಹತ್ತಿ, ಆಗಷ್ಟೇ ಸುರಿಯಲು ತಂದ ಬಾಂಡ್ಲಿಗೇ ಕೈ ಹಾಕುತ್ತಾರೆ. ಮೇಸ್ತ್ರಿಗೆ ಅಲ್ಲೇ ಬೆವರು.

ಓವರ್‌ಹೆಡ್ ಟ್ಯಾಂಕ್ ಮುಗಿಯಿತೆಂದರೆ ಅವರಿಗೆ ಹಬ್ಬ, ಉಳಿದವರಿಗೆ ಸೂತಕ. ಭಾರತೀಯ ಮಾನಕ ಐಎಸ್ 3370 ಹೇಳುವಂತೆ ನೀರು ತುಂಬಿಸಿ ಏಳು ದಿನ ಗೋಡೆ ಹೀರಿಕೊಳ್ಳಲು ಬಿಡಬೇಕು, ಮತ್ತೆ ಏಳು ದಿನ ಹೊರಮೈ ಒಣಗಿಯೇ ಇರಬೇಕು. ಉದ್ಘಾಟನೆಯ ಫ್ಲೆಕ್ಸು ಮೂರನೇ ದಿನವೇ ಬಸ್‌ಸ್ಟ್ಯಾಂಡಿನಲ್ಲಿ ಹಾರುತ್ತಿರುತ್ತದೆ. ಸಾಹೇಬರು ಏಣಿ ಹತ್ತಿ, ಗೋಡೆಗೆ ಅಂಗೈ ಒತ್ತಿ, ಕರವಸ್ತ್ರದಲ್ಲಿ ಒರೆಸಿ, ಕರವಸ್ತ್ರವನ್ನು ಮೂಗಿನ ಹತ್ತಿರ ಹಿಡಿಯುತ್ತಾರೆ. ಒದ್ದೆ ಕಲೆಯ ಮೇಲೆ ರಾತ್ರೋರಾತ್ರಿ ಬಳಿದ ಸಿಮೆಂಟ್ ಹಾಲಿನ ವಾಸನೆ ಅವರಿಗೆ ಗೊತ್ತು.

"ಅದು ಇಬ್ಬನಿ ಸಾರ್."

"ಮಧ್ಯಾಹ್ನ ಮೂರು ಗಂಟೆಗೆ? ಅದೂ ಒಂದೇ ಮೂಲೆಗೆ?"

ಎಲ್ಲಕ್ಕಿಂತ ಹೆಚ್ಚಾಗಿ ಅವರು ನಂಬದಿರುವುದು ನಲ್ಲಿಯನ್ನು. ತಲೆಗೆ ದಿನಕ್ಕೆ 55 ಲೀಟರ್ ಕೊಡಬೇಕಾದ ನಲ್ಲಿ, ಪುಟ್ಟ ಕಟ್ಟೆ ಕಟ್ಟಿಸಿಕೊಂಡು, ನೀಲಿ ಬಣ್ಣ ಬಳಿಸಿಕೊಂಡು ಮನೆಮುಂದೆ ನಿಂತಿರುತ್ತದೆ. ಇವರು ಕೊಳವೆ ಹಿಡಿದು ಮೆಲ್ಲಗೆ ಎಳೆದರೆ ಮೂಲಂಗಿ ಕಿತ್ತಂತೆ ಕೈಗೆ ಬರುತ್ತದೆ. ಕೆಳಗೆ ಬರೀ ಮಣ್ಣು. ಮನೆಯಜ್ಜಿಗೆ ಗುತ್ತಿಗೆದಾರನ ಮೇಲಲ್ಲ, ಸಾಹೇಬರ ಮೇಲೇ ಸಿಟ್ಟು: "ನೆಟ್ಟಗಿದ್ದ ನಲ್ಲಿ ಕಿತ್ತುಬಿಟ್ಟಲ್ಲಪ್ಪಾ! ನೀರು ಬರದಿದ್ರೂ ನೋಡೋಕೆ ಚೆನ್ನಾಗಿತ್ತು!"

ಅವರ ಪಾಡು ಇದೇ. ಸಿಸಿ ರಸ್ತೆ ಒಡೆದವನು ಕಾರಲ್ಲಿ ಹೋಗುತ್ತಾನೆ. "ಗುಂಡಿ ಮುಚ್ಚಿಸಿ ಸ್ವಾಮಿ, ಎಮ್ಮೆ ಬಿದ್ದೀತು" ಅನ್ನುವ ಬೈಗುಳ ಬೈಕಿನಲ್ಲಿ ಬರುವ ಸಾಹೇಬರಿಗೆ. ವಾಸ್ತವವಾಗಿ ಮುಚ್ಚುವ ಅವಸರ ಗುತ್ತಿಗೆದಾರನಿಗೂ ಇದೆ, ಊರಿನವರಿಗಿಂತ ಹೆಚ್ಚಾಗಿಯೇ.

ನಿಮ್ಮೂರಿಗೂ ಇಂಥವರೊಬ್ಬರು ಬಂದರೆ, ಗುಂಡಿ ಯಾಕಿನ್ನೂ ಮುಚ್ಚಿಲ್ಲ ಎಂದು ಕೂಗಾಡಬೇಡಿ. ನೀವೂ ಒಂದು ಸಲ ಬಗ್ಗಿ, ಪೈಪಿನಡಿ ಮರಳಿದೆಯೇ ನೋಡಿ. ಟೇಪು ಅವರೇ ಕೊಡುತ್ತಾರೆ.